ಕಿವಿ ಮುಚ್ಚಿಕೊಂಡ ಷೇರುದಾರರು

ನಮ್ಮ ಬೀದಿಯ ಮಧ್ಯಾಹ್ನಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಬೀದಿಯ ತುದಿಯಲ್ಲಿ ಒಂದು ಹಾಸಿಗೆ ಕಾರ್ಖಾನೆ ಇದೆ. ಊಟದ ಹೊತ್ತಿಗೆ ಅದರ ಹಿಂಬಾಗಿಲು ತೆರೆಯುತ್ತಾರೆ. ಅಲ್ಲಿಂದ ಅರಳೆಯ ಎಳೆಗಳು ತೇಲಿ ಬಂದು ಕಿಟಕಿಯ ಕಂಬಿಗೆ, ಒಣಹಾಕಿದ ಬಟ್ಟೆಗೆ, ನೆರಳಲ್ಲಿ ಮಲಗಿದ ನಾಯಿಯ ಮೀಸೆಗೆ ಅಂಟಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ನಮ್ಮಲ್ಲಿ ಯಾರೂ ಪೂರ್ತಿ ಎಚ್ಚರವಾಗಿರುವುದಿಲ್ಲ. ಅಂಗಡಿಯವನು ತೂಕಡಿಸುತ್ತಲೇ ಚಿಲ್ಲರೆ ಕೊಡುತ್ತಾನೆ, ಗಿರಾಕಿ ಆಕಳಿಸುತ್ತಲೇ ಜೇಬಿಗೆ ಹಾಕಿಕೊಳ್ಳುತ್ತಾನೆ. ಈ ಕಥೆಯಲ್ಲಿ ನಡೆದದ್ದೆಲ್ಲ ಇಂಥ ಮಧ್ಯಾಹ್ನಗಳಲ್ಲೇ ನಡೆದದ್ದು. ಹಾಗಾಗಿ ಯಾರ ಮೇಲೂ ಪೂರ್ತಿ ತಪ್ಪು ಹೊರಿಸಲು ನಾನು ತಯಾರಿಲ್ಲ.

ನನ್ನ ಪಕ್ಕದ ಮನೆಯವರನ್ನು ಎಲ್ಲರೂ ತಕ್ಕಡಿ ಸಾಹೇಬರು ಎನ್ನುತ್ತಾರೆ. ತೂಕ ಮತ್ತು ಅಳತೆಯ ಕಚೇರಿಯಲ್ಲಿ ಅವರಿಗೆ ಕೆಲಸ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯೇ ಎಂದು ನೋಡುವುದು, ಸರಿಯಿದ್ದರೆ ಮುದ್ರೆ ಒತ್ತುವುದು. ಇವರಷ್ಟು ಪ್ರಾಮಾಣಿಕ ಮನುಷ್ಯನನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ತಪಾಸಣೆಗೆ ಹೋದ ಅಂಗಡಿಯಲ್ಲಿ ಒಂದು ಲೋಟ ನೀರು ಕೂಡ ಕುಡಿಯುವುದಿಲ್ಲ. ಕುಡಿದರೆ ತಮ್ಮ ಮನಸ್ಸು ಒಂದು ಲೋಟ ನೀರಿನಷ್ಟು ಆ ಕಡೆ ವಾಲಬಹುದು ಎಂಬ ಭಯ. ಇದರ ಜೊತೆಗೆ ಇನ್ನೊಂದು ಗುಣವೂ ಇದೆ. ಮಾತಿನ ನಡುವೆ ಅವರ ಕಣ್ಣು ಎಲ್ಲೋ ತೇಲಿಹೋಗುತ್ತದೆ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಬೂಟು ಹಾಕಿಕೊಂಡು ಕಚೇರಿಗೆ ಹೋಗಿ, ಇವತ್ತು ರಸ್ತೆ ಯಾಕೋ ಓರೆಯಾಗಿತ್ತು ಎಂದು ವರದಿ ಮಾಡಿದವರು ಅವರು.

ನಮ್ಮೆರಡು ಮನೆಗೂ ಇರುವುದು ಒಂದೇ ಗೋಡೆ, ಅದೂ ತೆಳ್ಳಗಿನದು. ಕೇಳಿಸಿಕೊಳ್ಳುವ ವಿಷಯದಲ್ಲಿ ಸಾಹೇಬರಿಗೆ ಇದ್ದಂಥ ನೀತಿನಿಯಮ ನನಗೆ ಯಾವತ್ತೂ ಇರಲಿಲ್ಲ. ಆದ್ದರಿಂದಲೇ ಈ ಕಥೆ ನಿಮಗೆ ಸಿಗುತ್ತಿದೆ.

ಸಾಹೇಬರು ಒಮ್ಮೆ ಆ ಕಾರ್ಖಾನೆಯ ಹಾಸಿಗೆಯೊಂದನ್ನು ಕೊಂಡರು. ಮೊದಲ ದಿನವೇ ಅದರ ಮೇಲೆ ಎಂಥ ನಿದ್ದೆ ಬಂತೆಂದರೆ, ಎದ್ದಾಗ ಮುಖದಲ್ಲಿ ಹಾಸಿಗೆಯ ಹೊಲಿಗೆಯ ಗುರುತು, ಮನಸ್ಸಿನಲ್ಲಿ ಅದರ ಮಾಲೀಕರ ಬಗ್ಗೆ ಭಕ್ತಿ. “ಇಷ್ಟು ಒಳ್ಳೆ ನಿದ್ದೆ ಕೊಡೋರು ಮೋಸ ಮಾಡಲ್ಲ” ಎಂದು ಹೇಳಿ, ಉಳಿತಾಯದಲ್ಲಿದ್ದ ಹಣದಲ್ಲಿ ಆ ಕಂಪನಿಯ ಷೇರು ಕೊಂಡರು. ಹಣಕಾಸಿನ ಬಗ್ಗೆ ಅಲ್ಲಿಯವರೆಗೆ ಅವರಿಗಿದ್ದ ಜ್ಞಾನ ಅಷ್ಟೇ. ಅಲ್ಲಿಗೇ ನಿಂತಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು.

ಆದರೆ ಗ್ರಂಥಾಲಯದ ಸಭಾಂಗಣದಲ್ಲಿ ಒಂದು ಉಚಿತ ಉಪನ್ಯಾಸ ಏರ್ಪಾಡಾಯಿತು. ವಿಷಯ, ಹೂಡಿಕೆಯಲ್ಲಿ ನ್ಯಾಯವಾಗಿ ಮುಂದೆ ಬರುವುದು ಹೇಗೆ. ಸಾಹೇಬರು ಮೊದಲ ಸಾಲಿನಲ್ಲಿ ಕೂತರು. ಉಪನ್ಯಾಸಕರು ಹೇಳಿದರಂತೆ: ಕಂಪನಿಯ ಒಳಗಿನವರಿಂದ ಗುಟ್ಟು ತಿಳಿದು ಷೇರು ಕೊಳ್ಳುವುದು ಒಂದು ರೀತಿಯ ಕಳ್ಳತನ. ಎಲ್ಲರಿಗೂ ಸಿಗುವ ಮಾಹಿತಿಯನ್ನೇ ಎಲ್ಲರಿಗಿಂತ ಚೆನ್ನಾಗಿ ಓದಿ ಅರ್ಥ ಮಾಡಿಕೊಳ್ಳುವುದು ನಿಜವಾದ ಮೇಲುಗೈ. ಸಾಹೇಬರ ಮೈ ಜುಮ್ಮೆಂದಿತು. ಇಡೀ ಜಗತ್ತಿನಲ್ಲಿ ತಮಗಾಗಿಯೇ ಹೇಳಿದ ಮಾತು ಇದು ಎನಿಸಿತು. ಆ ಸಂತೋಷದಲ್ಲೇ ಕಣ್ಣು ಮುಚ್ಚಿದರು. ಗುಟ್ಟು ಎಂದರೆ ಯಾವುದು, ಸಾಮಾನ್ಯ ಮಾತು ಎಂದರೆ ಯಾವುದು, ನೆಂಟರೊಡನೆ ಏನು ಮಾತಾಡಬಹುದು ಎಂಬುದೆಲ್ಲ ಉಪನ್ಯಾಸದ ಎರಡನೆಯ ಅರ್ಧದಲ್ಲಿತ್ತು. ಅವರು ಕಣ್ಣು ಬಿಟ್ಟಾಗ ಜನ ಕುರ್ಚಿ ಮಡಚುತ್ತಿದ್ದರು.

ಹೀಗೆ ಅರ್ಧ ನೀತಿ ಹೊತ್ತುಕೊಂಡು ಅವರು ಮನೆಗೆ ಬಂದರು. ಮನೆಯಲ್ಲಿ ಊಟಕ್ಕೆ ಕಾಯುತ್ತಿದ್ದವನು ಭಾವಮೈದ.

ಈ ಭಾವಮೈದ ಅವರ ಹೆಂಡತಿಗೆ ಒಬ್ಬನೇ ತಮ್ಮ. ತಾಯಿ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿ, ತಲೆ ಬಾಚಿ, ಓದಿಸಿ ದೊಡ್ಡವನನ್ನಾಗಿ ಮಾಡಿದವರು ಆಕೆಯೇ. ಅವನು ಕೆಲಸ ಮಾಡುತ್ತಿದ್ದದ್ದು ಅದೇ ಹಾಸಿಗೆ ಕಾರ್ಖಾನೆಯಲ್ಲಿ. ರಜೆಯ ದಿನ ಅಕ್ಕನ ಮನೆಯಲ್ಲಿ ಊಟ ಮಾಡಿ, ಭಾವನ ಹಾಸಿಗೆಯ ಮೇಲೆ ಒಂದು ನಿದ್ದೆ ತೆಗೆದು, ಟೀ ಕುಡಿದು ಹೋಗುವುದು ಅವನ ಪದ್ಧತಿ. ಅವತ್ತು ಅವನ ಮುಖ ಎಂದಿನಂತಿರಲಿಲ್ಲ.

“ಭಾವ, ಕಾರ್ಖಾನೇಲಿ ಈ ವಾರ ಏನಾಯ್ತು ಅಂದ್ರೆ...”

“ನಿಲ್ಸು!” ಎಂದು ಸಾಹೇಬರು ಎರಡೂ ಕಿವಿ ಮುಚ್ಚಿಕೊಂಡು ಕೂಗಿದರು. ನನ್ನ ಮನೆಯ ಗೋಡೆಯಿಂದ ಸುಣ್ಣ ಉದುರಿತು. “ಇನ್ನೊಂದು ಮಾತು ಆಡಬೇಡ!”

“ಯಾಕೆ ಭಾವ?”

“ನೀನು ಒಳಗಿನವನು. ನಾನು ಷೇರುದಾರ. ನಮ್ಮಿಬ್ಬರ ಮಧ್ಯೆ ಇರೋದು ಊಟದ ಮೇಜಲ್ಲ, ನೀತಿಯ ಗೆರೆ.”

“ಅಕ್ಕಾ, ಭಾವನಿಗೆ ಜ್ವರಾನಾ?”

“ಇಲ್ಲ ಕಣೋ. ಉಪನ್ಯಾಸ ಕೇಳ್ಕೊಂಡು ಬಂದಿದಾರೆ. ಇಳಿಯುತ್ತೆ, ನೀನು ಊಟ ಮಾಡು.”

ಇಳಿಯಲಿಲ್ಲ. ಮುಂದಿನ ರಜೆಗೆ ಅವನು ಬಂದಾಗ ಸಾಹೇಬರು ಅವನನ್ನು ಗೋಡೆಗೆ ಮುಖ ಮಾಡಿ ಕೂರಿಸಿದರು. ಮುಖ ಕಂಡರೆ ಮುಖಭಾವ ಕಾಣುತ್ತದೆ, ಮುಖಭಾವ ಕಂಡರೆ ಕಂಪನಿಯ ಲಾಭನಷ್ಟ ಕಾಣುತ್ತದೆ ಎಂಬುದು ಅವರ ಲೆಕ್ಕ. ಭಾವಮೈದ ಸ್ವಲ್ಪ ಇಳಿದುಹೋಗಿದ್ದಾನೆ ಎಂದು ಹೆಂಡತಿ ಹೇಳಲು ಹೊರಟಾಗ, “ಸಂಬಳ ಸರಿಯಾಗಿ ಬರ್ತಿದೆಯೋ ಇಲ್ವೋ ಅನ್ನೋದು ಅದರಿಂದ ಗೊತ್ತಾಗಿಬಿಡುತ್ತೆ, ಹೇಳಬೇಡ” ಎಂದು ತಡೆದರು.

“ಹೋಗ್ಲಿ ಬಿಡಿ ಭಾವ, ಮಳೆ ಬಗ್ಗೆ ಮಾತಾಡೋಣ” ಎಂದ ಅವನು ಗೋಡೆಗೆ.

“ಮಳೆ ಬಂದ್ರೆ ಹತ್ತಿ ನೆನೆಯುತ್ತೆ. ಹತ್ತಿ ನೆನೆದ್ರೆ ಬೆಲೆ ಏರುತ್ತೆ. ಬೇರೆ ಮಾತಾಡು.”

ಅವನು ಕೆಮ್ಮಿದ.

“ಕೆಮ್ಮಬೇಡ! ಕಾರ್ಖಾನೇಲಿ ಧೂಳು ಜಾಸ್ತಿ ಆಗಿದೆ ಅಂತ ಅರ್ಥ ಆಗುತ್ತೆ!”

ಅವನು ತಟ್ಟೆ ಬದಿಗೆ ಸರಿಸಿದ ಸದ್ದು ಕೇಳಿಸಿತು. ಆಮೇಲೆ ಅವನು ನಿಧಾನವಾಗಿ ಹೇಳಿದ, “ಭಾವ, ನಾನು ಹೇಳ್ಬೇಕಾಗಿರೋದು ನಂದೇ ವಿಷಯ. ಅಕ್ಕನಿಗೆ ಗೊತ್ತಾಗ್ಲೇಬೇಕು.”

“ನಿನ್ನ ಅಕ್ಕ ನನ್ನ ಹೆಂಡ್ತಿ. ಅವಳ ಕಿವಿಗೆ ಬಿದ್ದದ್ದು ನನ್ನ ಕಿವಿಗೆ ಬಿದ್ದ ಹಾಗೇ. ಷೇರು ಇಬ್ಬರ ಹೆಸರಲ್ಲೂ ಇದೆ.”

ಮೂರನೆಯ ಸಲ ಅವನು ಬಂದಾಗ ಅಕ್ಕ ತರಕಾರಿ ತರಲು ಹೋಗಿದ್ದರು. ಸಾಹೇಬರು ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಂಡರು. ಅವನು ಬಾಗಿಲ ಹೊರಗೆ ನಿಂತು ಹೇಳಲು ಶುರುಮಾಡಿದ. ಇವರು ಒಳಗಿನಿಂದ ಹಾಡಲು ಶುರುಮಾಡಿದರು. ಸಾಹೇಬರಿಗೆ ಒಂದೂ ಹಾಡು ಪೂರ್ತಿ ಬರುವುದಿಲ್ಲ, ಆದ್ದರಿಂದ ಅರ್ಧರ್ಧ ಹಾಡಿದರು. ಅದೂ ಸಾಲದೆ ಎಲ್ಲ ನಲ್ಲಿಗಳನ್ನೂ ಬಿಟ್ಟರು. ಬಕೆಟ್ಟು ತುಂಬಿ, ಬಚ್ಚಲು ತುಂಬಿ, ನೀರು ಹೊಸ್ತಿಲು ದಾಟಿ ನನ್ನ ಮನೆಯ ಅಂಗಳಕ್ಕೆ ಬಂತು. ನೀತಿ ಹೀಗೆ ಹರಿಯುವುದನ್ನು ನಾನು ಮೊದಲ ಬಾರಿ ನೋಡಿದ್ದು. ಹೊರಗೆ ಬಂದಾಗ ಸಾಹೇಬರ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ, ಭಾವಮೈದ ಹೊರಟುಹೋಗಿದ್ದ. ಆಮೇಲೆ ಅವನು ಬರಲಿಲ್ಲ.

ಈಗ ನಮ್ಮ ಬೀದಿಯ ಸರದಿ. ಭಾವಮೈದ ಬರುವುದು, ಸಾಹೇಬರು ಕಿವಿ ಮುಚ್ಚಿಕೊಳ್ಳುವುದು, ಅವನು ಸಪ್ಪೆ ಮುಖ ಹಾಕಿಕೊಂಡು ಹೋಗುವುದು, ಇದೆಲ್ಲವನ್ನೂ ಎದುರಿನ ಕಟಿಂಗ್ ಅಂಗಡಿಯವನು ಕನ್ನಡಿಯಲ್ಲಿ ನೋಡುತ್ತಿದ್ದ.

“ಕಿವಿ ಯಾಕೆ ಮುಚ್ಕೋತಾರೆ ಹೇಳಿ?” ಎಂದು ನನ್ನ ಕುತ್ತಿಗೆಯ ಮೇಲೆ ಕತ್ತಿ ಇಟ್ಟು ಕೇಳಿದ. “ಕೇಳಿದ್ರೆ ಕುಣಿದಾಡೋ ಅಂಥದ್ದು ಏನೋ ಇದೆ ಅಂತ ತಾನೇ? ಕೆಟ್ಟ ಸುದ್ದಿ ಆಗಿದ್ರೆ ಇಷ್ಟೊತ್ತಿಗೆ ಷೇರು ಮಾರಿರೋರು. ಮಾರಿದಾರಾ? ಇಲ್ಲ. ಅಂದ್ಮೇಲೆ ಒಳ್ಳೇದೇ.”

ಕುತ್ತಿಗೆಯ ಮೇಲೆ ಕತ್ತಿ ಇದ್ದಾಗ ತರ್ಕದಲ್ಲಿ ದೋಷ ಹುಡುಕುವ ಅಭ್ಯಾಸ ನನಗಿಲ್ಲ. ಅವನು ಷೇರು ಕೊಂಡ. ಅವನ ಗಿರಾಕಿಗಳೂ ಕೊಂಡರು. ನಾನೂ ಸ್ವಲ್ಪ ಕೊಂಡೆ.

ಇದು ಸಾಹೇಬರಿಗೆ ತಿಳಿದಾಗ ಅವರ ಎದೆ ಧಸಕ್ಕೆಂದಿತು. ತಮ್ಮ ನಡವಳಿಕೆಯಿಂದಲೇ ಗುಟ್ಟು ಸೋರುತ್ತಿದೆ! ಯಾವ ಗುಟ್ಟು ಎಂದು ತಮಗೇ ಗೊತ್ತಿಲ್ಲದಿದ್ದರೂ ಸೋರುತ್ತಿದೆ! ಇನ್ನು ಮುಂದೆ ಯಾರ ಬಾಯಿಂದಲೂ ಏನೂ ಕೇಳಬಾರದು ಎಂದು ಔಷಧಿ ಅಂಗಡಿಗೆ ಹೋಗಿ ಕಿವಿಗೆ ಇಟ್ಟುಕೊಳ್ಳಲು ಹತ್ತಿಯ ಸುರುಳಿ ಕೊಂಡರು. ಕಿವಿಯೊಳಗೆ ಎಷ್ಟು ಹಿಡಿಯುತ್ತದೆ ಎಂಬ ಅಂದಾಜಿಲ್ಲದೆ ದೊಡ್ಡ ಸುರುಳಿಗಳನ್ನೇ ಕೊಂಡರು. ಅವರು ಮೂಲೆ ತಿರುಗುವುದರೊಳಗೆ ಔಷಧಿ ಅಂಗಡಿಯವರು ರಸ್ತೆಗೆ ಇಳಿದಿದ್ದರು.

“ಸಾಹೇಬ್ರು ಹತ್ತಿ ಕೂಡಿಡ್ತಿದಾರೆ!”

ಸಂಜೆಯೊಳಗೆ ಬೀದಿಯ ಅರ್ಧ ಜನ ಹತ್ತಿ ಕೊಂಡರು. ಉಳಿದರ್ಧ ಜನ ಹಾಸಿಗೆ ಷೇರು ಕೊಂಡರು. ಮರುದಿನ ಸಾಹೇಬರು ಯಾರ ಕಡೆಗೂ ನೋಡದೆ, ಕಿವಿಯಲ್ಲಿ ಬಿಳಿ ಗೊಂಚಲು ಸಿಕ್ಕಿಸಿಕೊಂಡು ಕಚೇರಿಗೆ ಹೋದರು. ಎದುರಾದವರೆಲ್ಲ ಅವರಿಗೆ ದಾರಿ ಬಿಟ್ಟು ನಿಂತು, ಕೈಮುಗಿದು ನಕ್ಕರು. ಸಾಹೇಬರಿಗೆ ಏನೂ ಕೇಳಿಸದಿದ್ದ ಕಾರಣ ಅವರೂ ನಕ್ಕರು. ಆ ನಗೆಯನ್ನು ನೋಡಿ ಇನ್ನಷ್ಟು ಜನ ಕೊಂಡರು.

ಒಂದು ದಿನ ಸಾಹೇಬರ ಹೆಂಡತಿ ತಮ್ಮ ಹಾಸಿಗೆಯನ್ನು ಬಿಸಿಲಿಗೆಂದು ಮಹಡಿಯ ಮೇಲೆ ಹಾಕಿದರು. ಹಾಸಿಗೆ ಹೊರಗೆ ಬಂತು ಎಂಬ ಸುದ್ದಿ ಹಬ್ಬಿ ಬೀದಿ ನಡುಗಿತು. ಕಟಿಂಗ್ ಅಂಗಡಿಯವನು ಅರ್ಧ ಕ್ಷೌರವಾದ ಗಿರಾಕಿಯನ್ನು ಬಿಟ್ಟು ಓಡಿಬಂದು ಕತ್ತೆತ್ತಿ ನಿಂತ. ಮಧ್ಯಾಹ್ನವಿಡೀ ಜನ ಹಾಗೆಯೇ ನಿಂತಿದ್ದರು, ಅವರ ತಲೆಯ ಮೇಲೆ ಅರಳೆ ಉದುರುತ್ತಲೇ ಇತ್ತು. ಸಂಜೆ ಆಕೆ ಹಾಸಿಗೆಯನ್ನು ತಟ್ಟಿ ಒಳಗೆ ತೆಗೆದುಕೊಂಡು ಹೋದಾಗ ಕೆಳಗೆ ಚಪ್ಪಾಳೆ ಬಿತ್ತು. ಆಕೆ ಗಾಬರಿಯಾಗಿ ದಿಂಬನ್ನೂ ಒಳಗೆಳೆದುಕೊಂಡರು. ಷೇರಿನ ಬೆಲೆ ಮಾತ್ರ ಈ ಯಾವುದನ್ನೂ ಗಮನಿಸದೆ ಇದ್ದಲ್ಲೇ ಮಲಗಿತ್ತು.

ವಿಷಯ ಕಚೇರಿಗೂ ಮುಟ್ಟಿತು. ಮೇಲಧಿಕಾರಿ ಸಾಹೇಬರನ್ನು ಕೋಣೆಗೆ ಕರೆಸಿದರು.

“ಕಿವಿಯಿಂದ ಅದನ್ನ ತೆಗೀರಿ. ನಿಮ್ಮ ಮೇಲೆ ದೂರು ಬಂದಿದೆ.”

“ಏನಂತ ಸರ್?”

“ನೀವು ಯಾರಿಗೂ ಏನೂ ಹೇಳ್ತಿಲ್ಲ ಅಂತ.”

“ಹೇಳೋಕೆ ನನಗೇನೂ ಗೊತ್ತಿಲ್ಲ ಸರ್.”

ಮೇಲಧಿಕಾರಿ ಎದ್ದು ಬಾಗಿಲು ಹಾಕಿ, ಕಿಟಕಿಯ ಪರದೆ ಎಳೆದು, ಹತ್ತಿರ ಬಂದು ದನಿ ತಗ್ಗಿಸಿದರು. “ಸರಿಯಾದ ಉತ್ತರ. ಹೊರಗಿನವರಿಗೆ ಹೀಗೇ ಹೇಳ್ಬೇಕು. ನನಗೂ ಏನೂ ಹೇಳ್ಬೇಡಿ. ಈಗ ನಾನು ಒಂದು ಪ್ರಶ್ನೆ ಕೇಳ್ತೀನಿ, ಕೊಳ್ಳೋದಾದ್ರೆ ನೀವು ಸುಮ್ನೆ ಕಣ್ಣು ಮಿಟುಕಿಸಿ.”

ಸಾಹೇಬರು ಕಣ್ಣು ಮಿಟುಕಿಸಬಾರದೆಂದು ಕಣ್ಣು ಅಗಲವಾಗಿ ತೆರೆದು ನಿಂತರು. ಎಷ್ಟು ಹೊತ್ತು ನಿಂತರೆಂದರೆ ಕಣ್ಣಲ್ಲಿ ನೀರು ತುಂಬಿ ಕೆನ್ನೆಯ ಮೇಲೆ ಇಳಿಯಿತು. ಮೇಲಧಿಕಾರಿ ಅದನ್ನು ನೋಡಿ ಬೆಚ್ಚಿಬಿದ್ದು, ತಮ್ಮಲ್ಲಿದ್ದ ಷೇರುಗಳನ್ನೂ ಮಾರಿದರು.

ಇಷ್ಟೆಲ್ಲಕ್ಕೂ ನಾವು ನಗುತ್ತಿದ್ದೆವು. ಆದರೆ ಗೋಡೆಯ ಆ ಕಡೆ ನಗುವಿರಲಿಲ್ಲ. ರಜೆಯ ದಿನ ಬಂದರೆ ಆಕೆ ಮೂರು ತಟ್ಟೆ ಹಾಕುತ್ತಿದ್ದರು, ಆಮೇಲೆ ಒಂದನ್ನು ಎತ್ತಿಡುತ್ತಿದ್ದರು. ಆ ಒಂದು ತಟ್ಟೆ ಕಪಾಟಿಗೆ ಹೋಗುವ ಸದ್ದು ನನಗೆ ಕೇಳಿಸುತ್ತಿತ್ತು. ಒಂದು ದಿನ ಆಕೆ ತಮ್ಮನ ಬಾಡಿಗೆ ಕೋಣೆಗೆ ಹೋಗಿ ಬಂದರು. ಕೋಣೆಗೆ ಬೀಗ ಬಿದ್ದಿತ್ತು. ಖಾಲಿ ಮಾಡಿಕೊಂಡು ಹೋದ, ಎಲ್ಲಿಗೋ ಗೊತ್ತಿಲ್ಲ ಎಂದರಂತೆ ಮನೆಯ ಯಜಮಾನರು.

“ರೀ, ಕಿವೀಲಿರೋದನ್ನ ತೆಗೀರಿ” ಎಂದರು ಆಕೆ. ತೆಗೆದರು. “ನನ್ನ ತಮ್ಮ ಎಲ್ಲಿದಾನೆ ಅಂತ ನನಗೆ ಗೊತ್ತಿಲ್ಲ. ಅವನು ಹುಟ್ಟಿದಾಗಿಂದ ಹೀಗೆ ಆಗಿದ್ದೇ ಇಲ್ಲ. ನಾನು ನಾಳೆ ಕಾರ್ಖಾನೆ ಗೇಟಿಗೆ ಹೋಗಿ ಕೇಳ್ತೀನಿ.”

“ಅಯ್ಯೋ, ಗೇಟಿಗಾ? ಗೇಟಿನವನೂ ಒಳಗಿನವನೇ! ನೋಡು, ಇನ್ನೇನು ಷೇರುದಾರರ ಮಹಾಸಭೆ ಬರ್ತಿದೆ. ಅಲ್ಲಿ ಎಲ್ಲರ ಮುಂದೆ ಏನು ಬೇಕಾದ್ರೂ ಕೇಳ್ಬಹುದು. ಎಲ್ಲರ ಮುಂದೆ ಹೇಳಿದ್ದು ಗುಟ್ಟಲ್ಲ. ನಾನೇ ಎದ್ದು ನಿಂತು ಕೇಳ್ತೀನಿ.”

“ಏನಂತ ಕೇಳ್ತೀರಿ?”

“ನಮ್ಮ ಭಾವಮೈದ ಹೇಗಿದಾನೆ ಅಂತ.”

ಆಕೆ ಲೋಟ ತೊಳೆದು ಕವುಚಿಟ್ಟ ಸದ್ದು ಕೇಳಿಸಿತು. ಆಮೇಲೆ, “ಕೇಳದೇ ಬಂದ್ರೆ ನಾನು ಆ ಸಭೆಯಿಂದ ಈ ಮನೆಗೆ ಬರಲ್ಲ” ಎಂದರು. ಅದರಲ್ಲಿ ಕೋಪ ಇರಲಿಲ್ಲ. ಹಾಲು ತರಬೇಕು ಎಂದು ಹೇಳುವಷ್ಟೇ ಮೆತ್ತಗೆ ಹೇಳಿದರು.

ಸಾಹೇಬರು ಸಭೆಗೆ ತಯಾರಾದರು. ಕಂಪನಿಯ ವಾರ್ಷಿಕ ವರದಿ ಎಲ್ಲ ಷೇರುದಾರರಿಗೂ ಅಂಚೆಯಲ್ಲಿ ಬಂದಿತ್ತು. ಕಟಿಂಗ್ ಅಂಗಡಿಯವನು ಅದನ್ನು ಕತ್ತಿ ಒರೆಸಲು ಇಟ್ಟುಕೊಂಡಿದ್ದ. ನನ್ನವಳು ಅದನ್ನು ಅಕ್ಕಿ ಡಬ್ಬದ ಕೆಳಗೆ ಹಾಸಿದ್ದಳು. ಇಡೀ ಬೀದಿಯಲ್ಲಿ ಅದನ್ನು ಓದಿದವರು ಸಾಹೇಬರೊಬ್ಬರೇ. ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಓದಿದರು. ಒಂದು ಕಡೆ ಕೆಂಪು ಪೆನ್ಸಿಲಿನಲ್ಲಿ ದಪ್ಪ ಗೆರೆ ಎಳೆದು ಶಾಭಾಷ್ ಎಂದು ಬರೆದರು. “ಖರ್ಚು ಎಷ್ಟು ಚೆನ್ನಾಗಿ ಕಡಿಮೆ ಮಾಡಿದಾರೆ ಗೊತ್ತಾ? ಎಲ್ಲರಿಗೂ ಸಿಗೋ ಮಾಹಿತಿ, ಆದ್ರೆ ಕಂಡಿದ್ದು ನನ್ನ ಕಣ್ಣಿಗೆ ಮಾತ್ರ. ಇದೇ ಮೇಲುಗೈ!” ಎಂದು ನನಗೆ ಹೇಳಿದಾಗ ಅವರ ಕಣ್ಣು ಎಲ್ಲೋ ಮೋಡದ ಮೇಲೆ ತೇಲುತ್ತಿತ್ತು.

“ನಿಮ್ಮ ಭಾವಮೈದ ಅಲ್ಲಿ ಏನು ಕೆಲಸ ಮಾಡೋದು ಸಾಹೇಬ್ರೇ?” ಎಂದು ಕೇಳಿದೆ.

“ಅದನ್ನ ನಾನು ಮರೆತುಬಿಟ್ಟಿದೀನಿ” ಎಂದರು ಹೆಮ್ಮೆಯಿಂದ. “ತುಂಬಾ ಕಷ್ಟಪಟ್ಟು ಮರೆತೆ.”

ಮಹಾಸಭೆ ನಡೆದದ್ದು ಕಾರ್ಖಾನೆಯ ಗೋದಾಮಿನಲ್ಲಿ. ನಮ್ಮ ಬೀದಿಯವರೆಲ್ಲ ಷೇರುದಾರರಾಗಿಬಿಟ್ಟಿದ್ದರಿಂದ ಕುರ್ಚಿ ಸಾಲಲಿಲ್ಲ. ಕಂಪನಿಯವರು ಹೊಸ ಹಾಸಿಗೆಗಳನ್ನೇ ಸಾಲಾಗಿ ಹಾಸಿ, ಅದರ ಮೇಲೆ ಕೂರಲು ಹೇಳಿದರು. ಮಧ್ಯಾಹ್ನದ ಹೊತ್ತು, ಮೇಲಿನ ಗಾಜಿನಿಂದ ಹಳದಿ ಬಿಸಿಲು, ಆ ಬಿಸಿಲಿನಲ್ಲಿ ತೇಲುವ ಅರಳೆ, ಕೆಳಗೆ ಹೊಸ ಹಾಸಿಗೆ. ಅಧ್ಯಕ್ಷರು ವಯಸ್ಸಾದವರು, ಅವರ ದನಿ ಮಗುವನ್ನು ತೂಗುವವರ ದನಿ. ಅವರು ವರದಿ ಓದಲು ಶುರುಮಾಡಿದ ಕೂಡಲೇ ಔಷಧಿ ಅಂಗಡಿಯವರು ಕಾಲು ಚಾಚಿದರು. ಕಟಿಂಗ್ ಅಂಗಡಿಯವನು ಮಗ್ಗುಲಾದ. ನಿರ್ಣಯಗಳನ್ನು ಮಂಡಿಸಿದಾಗ ಎಲ್ಲರ ತಲೆಯೂ ತೂಗುತ್ತಿತ್ತು, ಕಾರ್ಯದರ್ಶಿ ಅದನ್ನು ಒಪ್ಪಿಗೆ ಎಂದು ಬರೆದುಕೊಂಡರು. ಇಷ್ಟು ಸರ್ವಾನುಮತದ ಸಭೆ ಎಲ್ಲೂ ನಡೆದಿರಲಾರದು.

ಸಾಹೇಬರೊಬ್ಬರೇ ನೆಟ್ಟಗೆ ಕೂತಿದ್ದರು. ಸಭೆ ಶುರುವಾಗುವ ಮೊದಲಿನ ಮಾತು ಬಹಿರಂಗವಲ್ಲವಾದ್ದರಿಂದ ಕಿವಿಯಲ್ಲಿ ಹತ್ತಿ ಇತ್ತು. ಗಂಟೆ ಬಾರಿಸಿದ ಮೇಲೆ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡಿದ್ದರು. ಪಕ್ಕದಲ್ಲಿ ಆಕೆ, ಮಡಿಲಲ್ಲಿ ಕೈಚೀಲ ಹಿಡಿದುಕೊಂಡು.

“ಯಾರಿಗಾದರೂ ಪ್ರಶ್ನೆ ಇದೆಯೇ?” ಎಂದರು ಅಧ್ಯಕ್ಷರು, ಇರಲಾರದು ಎಂಬ ನಂಬಿಕೆಯಿಂದ.

ಸಾಹೇಬರು ಎದ್ದು ನಿಂತರು. ಹಾಸಿಗೆಯ ಮೇಲೆ ನಿಂತದ್ದರಿಂದ ಸ್ವಲ್ಪ ಓಲಾಡಿದರು. ಮೈಕು ಅವರ ಕೈಗೆ ಬಂತು.

“ಮಾನ್ಯ ಅಧ್ಯಕ್ಷರೇ, ಮೊದಲು ಅಭಿನಂದನೆ. ವರದಿಯಲ್ಲಿ ಓದಿದೆ. ಕೈಹೊಲಿಗೆ ವಿಭಾಗವನ್ನು ಪೂರ್ತಿ ಮುಚ್ಚಿ ಯಂತ್ರ ತಂದಿದ್ದೀರಿ. ಇದರಿಂದ ಖರ್ಚು ಬಹಳ ಇಳಿದಿದೆ. ಇದನ್ನು ಇಡೀ ಬೀದಿಯಲ್ಲಿ ಗಮನಿಸಿದವನು ನಾನೊಬ್ಬನೇ. ಬಹಳ ಸಂತೋಷ.”

ಅಧ್ಯಕ್ಷರು ತಲೆಬಾಗಿಸಿದರು. ವರ್ಷಗಳಿಂದ ಯಾರೂ ಅವರ ವರದಿ ಓದಿರಲಿಲ್ಲ.

“ಇನ್ನೊಂದು ಪ್ರಶ್ನೆ. ನಮ್ಮ ಭಾವಮೈದ ನಿಮ್ಮಲ್ಲಿ ಕೆಲಸಕ್ಕಿದ್ದಾನೆ. ಅವನು ಹೇಗಿದ್ದಾನೆ ಎಂಬುದನ್ನು ಸಭೆಗೆ ತಿಳಿಸಬೇಕು.”

ವೇದಿಕೆಯ ಮೇಲೆ ಗುಸುಗುಸು ಆಯಿತು. ಕಾರ್ಯದರ್ಶಿ ಕಾಗದ ತಿರುವಿದರು. “ಯಾವ ವಿಭಾಗ?” ಎಂದು ಕೇಳಿದರು ಅಧ್ಯಕ್ಷರು.

ಸಾಹೇಬರು ಬಾಯಿ ತೆರೆದರು. ಕಷ್ಟಪಟ್ಟು ಮರೆತದ್ದು ಬೇಕೆಂದಾಗ ಬರುವುದಿಲ್ಲ. ಅವರು ಹೆಂಡತಿಯ ಕಡೆ ತಿರುಗಿದರು.

“ಕೈಹೊಲಿಗೆ” ಎಂದರು ಆಕೆ.

ಮೆಲ್ಲಗೇ ಹೇಳಿದ್ದು, ಆದರೆ ಮೈಕು ಹತ್ತಿರವಿತ್ತು. ಆ ಮಾತು ಗೋದಾಮಿನ ತುದಿಯವರೆಗೆ ಹೋಗಿ ತಿರುಗಿ ಬಂತು. ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದು ಕೂತರು. ಸಾಹೇಬರು ನಿಂತಲ್ಲೇ ನಿಂತಿದ್ದರು. ಕೈಯಲ್ಲಿದ್ದ ವರದಿಯ ಕೆಂಪು ಗೆರೆಯನ್ನು ನೋಡಿದರು, ಶಾಭಾಷ್ ಎಂದು ತಾವೇ ಬರೆದದ್ದನ್ನು ನೋಡಿದರು. ತೂಕದ ಮನುಷ್ಯ ಅವರು. ಒಂದು ತಟ್ಟೆಯಲ್ಲಿ ಏನಿದೆ, ಇನ್ನೊಂದರಲ್ಲಿ ಏನಿದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲ್ಲರಿಗೂ ಸಿಗುವ ಮಾಹಿತಿ ಅವರ ಕೈಯಲ್ಲೇ ಇತ್ತು. ಅದನ್ನು ಅವರು ಎಲ್ಲರಿಗಿಂತ ಚೆನ್ನಾಗಿ ಓದಿದ್ದರು, ಓದಿ ಸಂತೋಷವನ್ನೂ ಪಟ್ಟಿದ್ದರು.

“ಅವನು ಅದನ್ನೇ ಹೇಳೋಕೆ ಬಂದಿದ್ದ” ಎಂದರು ಸಾಹೇಬರು. ಯಾರಿಗೆ ಹೇಳಿದರೋ ಗೊತ್ತಿಲ್ಲ, ಮೈಕಿಗೆ ಹೇಳಿದರು. “ನಾನು ನಲ್ಲಿ ಬಿಟ್ಟೆ.”

ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ.

ಆಗ ಹಿಂದಿನಿಂದ, ಹಾಸಿಗೆಗಳ ರಾಶಿಯ ಮೇಲಿಂದ ಒಂದು ದನಿ ಬಂತು. “ಭಾವ, ನಾನು ಇಲ್ಲೇ ಇದೀನಿ.”

ಭಾವಮೈದ ಇಳಿದು ಬಂದ. ಕೂದಲಲ್ಲಿ ಅರಳೆ, ಬೆರಳಿಗೆ ಹೊಲಿಗೆಯ ಲೋಹದ ಟೋಪಿ. ಸಭೆಗೆ ಬರಲೆಂದೇ ಒಂದೇ ಒಂದು ಷೇರು ಕೊಂಡಿದ್ದನಂತೆ.

“ಇದು ಎಲ್ಲರ ಮುಂದೆ ಆಡೋ ಮಾತು ತಾನೇ? ಈಗ ಹೇಳ್ಬಹುದಾ?”

ಸಾಹೇಬರು ಮೈಕನ್ನು ಎರಡೂ ಕೈಯಿಂದ ಅವನಿಗೆ ಕೊಟ್ಟರು.

“ಅಧ್ಯಕ್ಷರೇ, ಷೇರುದಾರರೇ,” ಎಂದ ಅವನು. ಆಮೇಲೆ ಅಕ್ಕನ ಕಡೆ ತಿರುಗಿದ. “ಅಕ್ಕಾ. ಕೆಲಸ ಕಳ್ಕೊಂಡ ವಾರವೇ ಹೇಳೋಕೆ ಬಂದೆ, ಆಗ್ಲಿಲ್ಲ. ಆಮೇಲೆ ಕಂಪನಿಯವ್ರು ಲೆಕ್ಕ ಚುಕ್ತಾ ಮಾಡಿ ಕೊಟ್ಟ ದುಡ್ಡಲ್ಲಿ ಹಿಂದಿನ ಬೀದೀಲಿ ಒಂದು ಅಂಗಡಿ ಹಿಡಿದೆ. ಹಾಸಿಗೆ, ದಿಂಬು ಕೈಯಲ್ಲೇ ಹೊಲೀತೀನಿ. ಕೋಣೆ ಬಾಡಿಗೆ ಉಳೀಲಿ ಅಂತ ಅಲ್ಲೇ ಒಳಗೆ ಮಲಗ್ತೀನಿ. ಬೋರ್ಡು ಹಾಕಿ ಎಷ್ಟೋ ದಿನ ಆಯ್ತು. ಆದ್ರೆ ಮುಂದಿನ ಬಾಗಿಲು ತೆಗೆದಿಲ್ಲ. ನೀನು ಬಂದು ತೆಗೀದೆ ನಾನು ಹೇಗೆ ತೆಗೀಲಿ? ಅದನ್ನ ಹೇಳೋಕೆ ಬಂದ್ರೆ ಭಾವ ಹಾಡ್ತಿದ್ರು.”

ಅಧ್ಯಕ್ಷರು ಕರವಸ್ತ್ರ ತೆಗೆದರು. “ಇದಕ್ಕೆ ನಿರ್ಣಯ ಬೇಕೇ?” ಎಂದು ಕಾರ್ಯದರ್ಶಿಯನ್ನು ಕೇಳಿದರು. ಅಷ್ಟರಲ್ಲಿ ಆಕೆ ಎದ್ದು, ಹಾಸಿಗೆಗಳ ಮೇಲೆ ತಡವರಿಸುತ್ತ, ಕಟಿಂಗ್ ಅಂಗಡಿಯವನ ಹೊಟ್ಟೆಯನ್ನೂ ತುಳಿದುಕೊಂಡು ತಮ್ಮನ ಹತ್ತಿರ ಹೋಗಿದ್ದರು. ಹೋದವರೇ ಅವನ ಕೂದಲಿನ ಅರಳೆ ತೆಗೆಯಲು ಶುರುಮಾಡಿದರು. ಒಂದೊಂದೇ ಎಳೆ ತೆಗೆದರು, ಅದು ಮುಗಿಯುವವರೆಗೆ ಸಭೆ ಕಾದು ಕೂತಿತ್ತು.

ಸಾಹೇಬರು ಅಲ್ಲೇ ನಿಂತಿದ್ದರು. ಕರೆದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲೇ ನಿಲ್ಲುತ್ತೇನೆ ಎನ್ನುವಂತಿತ್ತು ಅವರ ನಿಲುವು. ಆಕೆ ತಿರುಗಿ ನೋಡಿದರು.

“ಬನ್ರೀ. ಆ ತಕ್ಕಡಿ ಸರಿ ಇದೆಯಾ ಅಂತ ನೋಡೋರು ಬೇಡ್ವಾ ಅಂಗಡಿಗೆ?”

ಸಭೆ ಇಡೀ ಹಿಂದಿನ ಬೀದಿಗೆ ಹೋಯಿತು. ಅಧ್ಯಕ್ಷರು ಹೋಗಬೇಕೋ ಬೇಡವೋ ಎಂದು ಯೋಚಿಸಿ, ತಾವೂ ಬಂದು ಎಲ್ಲರ ಹಿಂದೆ ನಿಂತರು. ಬೋರ್ಡಿನ ಮೇಲೆ ಅಕ್ಕನ ಅಂಗಡಿ ಎಂದು ಬರೆದಿತ್ತು. ಆಕೆ ಬೀಗ ತೆಗೆದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಷಟರನ್ನು ಒಂದೇ ಏಟಿಗೆ ಮೇಲೆತ್ತಿದರು. ಒಳಗಿನಿಂದ ಹೊಸ ಬಟ್ಟೆಯ, ಅರಳೆಯ ವಾಸನೆ ಬಂತು. ಕಟಿಂಗ್ ಅಂಗಡಿಯವನು ನನ್ನ ಕಿವಿಯಲ್ಲಿ, “ಇದಕ್ಕೂ ಷೇರು ಸಿಗುತ್ತಾ?” ಎಂದ. ಹೊಟ್ಟೆ ಇನ್ನೂ ಸವರಿಕೊಳ್ಳುತ್ತಿದ್ದ.

ಸಾಹೇಬರು ಮೊದಲು ತಕ್ಕಡಿ ನೋಡಿದರು, ನೀರು ಬೇಡ ಎಂದರು, ಮುದ್ರೆ ಒತ್ತಿದರು. ಆಮೇಲೆ ಜೇಬಿಗೆ ಕೈಹಾಕಿ ಕಿವಿಯ ಹತ್ತಿಯನ್ನೂ, ಉಳಿದ ಸುರುಳಿಗಳನ್ನೂ ತೆಗೆದು ತಕ್ಕಡಿಯಲ್ಲಿ ಇಟ್ಟರು.

“ಇದನ್ನೂ ಯಾವುದಾದ್ರೂ ದಿಂಬಿಗೆ ತುಂಬಿಬಿಡು” ಎಂದರು.

ಜನ ಚದುರಿದರು. ನಾನು ಮಾತ್ರ, ದಿಂಬು ಕೊಳ್ಳುವವನಂತೆ, ಒಂದೊಂದನ್ನೇ ಒತ್ತಿ ನೋಡುತ್ತ ಬಾಗಿಲ ಬಳಿ ಉಳಿದೆ. ಇಲ್ಲಿ ತೆಳ್ಳಗಿನ ಗೋಡೆಯ ಅನುಕೂಲ ಇರಲಿಲ್ಲವಲ್ಲ. ಆಕೆ ಟೀ ಮಾಡಿದರು. ಭಾವಮೈದ ಸೂಜಿಗೆ ದಾರ ಪೋಣಿಸಿ ಕೂತ. ಮಧ್ಯಾಹ್ನ ಇನ್ನೂ ಮುಗಿದಿರಲಿಲ್ಲ, ಬಿಸಿಲು ಹೊಸ್ತಿಲಿನ ಮೇಲೆ ಮಲಗಿತ್ತು. ಸಾಹೇಬರು ಅವನ ಎದುರಿಗೆ ಒಂದು ಹಾಸಿಗೆಯ ಅಂಚಿನಲ್ಲಿ ಕೂತರು.

“ಭಾವ,” ಎಂದ ಅವನು, “ಕಾರ್ಖಾನೇಲಿ ಆ ವಾರ ಏನಾಯ್ತು ಅಂದ್ರೆ...”

ಸಾಹೇಬರ ಎರಡೂ ಕೈಗಳು ಅಭ್ಯಾಸದಂತೆ ಕಿವಿಯ ಕಡೆಗೆ ಎದ್ದವು. ಅರ್ಧದಾರಿಯಲ್ಲಿ ಅವರಿಗೆ ಎಚ್ಚರವಾಯಿತು. ಕೈಗಳನ್ನು ಇಳಿಸಿ ತೊಡೆಯ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆ ಗಟ್ಟಿಯಾಗಿ ಕೂತರು.

“ಹೇಳು” ಎಂದರು.

ಅವನು ಮೊದಲಿನಿಂದ ಹೇಳಿದ. ಅರ್ಧ ಆಗುವ ಹೊತ್ತಿಗೆ ನಾನೇ ಬಾಗಿಲಿಗೆ ಒರಗಿ ತೂಕಡಿಸಿಬಿಟ್ಟೆ. ಕಣ್ಣು ಬಿಟ್ಟು ನೋಡಿದಾಗ ಬಿಸಿಲು ಇಳಿದಿತ್ತು, ಟೀ ತಣ್ಣಗಾಗಿತ್ತು, ಅವನು ಇನ್ನೂ ಹೇಳುತ್ತಿದ್ದ. ಸಾಹೇಬರು ಕೈಗಳ ಮೇಲೆ ಹಾಗೆಯೇ ಕೂತು, ಕಣ್ಣು ಬಿಟ್ಟುಕೊಂಡು, ಕೇಳುತ್ತಿದ್ದರು.